ಎಡಗಡೆಯ ಮುಂದಿನ ಗಾಲಿ

ನಾನು ನಿಂತಿದ್ದದ್ದು ಧಾರವಾಡದ ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ, ನೀರಿನ ಟ್ಯಾಂಕಿನ ಎದುರಿಗಿರುವ ಮೋರಿಯ ಕಟ್ಟೆಯ ಹಿಂದೆ. ಹೋದ ವರ್ಷವಲ್ಲ, ಅದರ ಹಿಂದಿನ ವರ್ಷದ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ. ಬೆಳಿಗ್ಗೆ ಹನ್ನೊಂದು ದಾಟಿತ್ತು, ಹನ್ನೆರಡು ಆಗಿರಲಿಲ್ಲ. ಬಿಸಿಲು ನನ್ನ ಬೆನ್ನಿಗಿತ್ತು, ಹಾಗಾಗಿ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ರಸ್ತೆ ನೇರವಾಗಿ ನನ್ನ ಕಡೆಗೆ ಬಂದು, ನನ್ನನ್ನು ದಾಟಿದ ಮೇಲೆ ಬಲಕ್ಕೆ ಹೊರಳುತ್ತದೆ. ಬರುವ ಗಾಡಿಯ ಎಡಮಗ್ಗುಲು ನನಗೆ ಹತ್ತಿರವಾಗಿ ಹಾಯಬೇಕು. ಕಾಕಾ ನನ್ನನ್ನು ಆ ಜಾಗದಲ್ಲಿ ನಿಲ್ಲಿಸಿದ್ದು ಅದಕ್ಕೇ.

"ಎಡಗಡೆ ಮುಂದಿನ ಗಾಲಿ ನೋಡು ತಮ್ಮಾ," ಅಂದಿದ್ದರು. "ನನ್ನ ಮಾರಿ ನೋಡಬ್ಯಾಡ, ನಿಮ್ಮ ಕಾಕು ಏನ ಮಾಡಾಕತ್ತಾಳ ಅಂತ ನೋಡಬ್ಯಾಡ. ಹೊಳ್ಳೂಮುಂದ ಟೈರು ಮಡ್‌ಗಾರ್ಡಿಗೆ ಹತ್ತತೈತೇನು, ಅಷ್ಟ ಹೇಳು ನನಗ."

ಹಾಗಾಗಿ ನಾನು ಆ ಗಾಲಿಯನ್ನೇ ನೋಡುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿ ಕಟ್ಟೆಗಳ ಮೇಲೆ, ಹತ್ತಿ ವ್ಯಾಪಾರಿಗಳ ನಡುವೆ, ಈಗ ಈ ಸಂಗತಿ ಬೇರೆ ರೀತಿಯಲ್ಲಿ ಓಡಾಡುತ್ತಿದೆ. ಮುದುಕನಿಗೆ ಕಣ್ಣು ಕಾಣದೆ ಕಾರನ್ನು ಉಸುಕಿನ ಗುಡ್ಡೆಗೆ ನುಗ್ಗಿಸಿದ ಎಂದು ಹೇಳಿ ನಗುತ್ತಾರೆ. ಹೇಳುವವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ನಾನಿದ್ದೆ. ಅದಕ್ಕೇ ಅವಸರ ಮಾಡದೆ ಹೇಳುತ್ತೇನೆ.

ಕಾರು ನಮ್ಮ ಅಜ್ಜ ಕೊಂಡದ್ದು. ಅಜ್ಜ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿ. ಕಾಳು ಬಿಡಿಸುವ ಜಿನ್ನಿಂಗ್ ಕಾರ್ಖಾನೆಯೂ ಇತ್ತು. ಊರು ಬಿಟ್ಟು ಹೊರಟ ಒಬ್ಬ ಗಿರಣಿ ಮ್ಯಾನೇಜರನಿಂದ ಅದು ನಮ್ಮ ಮನೆಗೆ ಬಂತು. ಬಿಳಿ ಮಿಶ್ರಿತ ಹಳದಿ ಬಣ್ಣ, ಉದ್ದನೆಯ ಮೂತಿ, ಮೇಲೆ ಛಾವಣಿ ಇಲ್ಲ, ಎರಡೇ ಸೀಟು. ಗಾಲಿಗಳಿಗೆ ಸೈಕಲ್ಲಿನಂತೆ ತಂತಿ ಕಡ್ಡಿಗಳು. ರೇಸಿಗೆಂದು ಮಾಡಿದ ಜಾತಿಯ ಕಾರಂತೆ. ಅಜ್ಜ ಅದನ್ನು 'ಅರ್ಧ ಮೋಟಾರು' ಅನ್ನುತ್ತಿದ್ದರು. ಮನೆ ತುಂಬ ಮಂದಿ ಇರುವಾಗ ಇಬ್ಬರೇ ಕೂರುವ ವಾಹನ ಅವರಿಗೆ ಮುಗಿಯದ ಕೆಲಸದಂತೆ ಕಾಣುತ್ತಿತ್ತು. ಅವರೇ ಅದನ್ನು ಕಿರಿಯ ಮಗನ ಕೈಗೆ ಕೊಟ್ಟರು. ಆ ಮಗನೇ ನನ್ನ ಕಾಕಾ.

ಕಾಕು ಧಾರವಾಡದ ಹೆಣ್ಣು. ಮದುವೆಯಾದ ಮರುದಿನ ಕಾಕಾ ಆಕೆಯನ್ನು ಈ ಕಾರಿನಲ್ಲೇ ಹುಬ್ಬಳ್ಳಿಗೆ ಕರೆತಂದರು. ಬೀಗರ ಮುಂದೆ ಅದೊಂದು ದೊಡ್ಡ ಗುಲ್ಲಾಯಿತಂತೆ. ಅಜ್ಜಿ ಹಿಂದಿನ ವ್ಯಾನಿನಲ್ಲಿ ಮುಖ ಗಂಟಿಕ್ಕಿಕೊಂಡು ಬಂದರು. ಆಗ ಆ ರಸ್ತೆ ಇಷ್ಟು ಅಗಲವಿರಲಿಲ್ಲ, ನಡುವೆ ಬಸ್ಸಿನ ದಾರಿಯ ಕಬ್ಬಿಣದ ಕಟಾಂಜನವಿರಲಿಲ್ಲ. ಎರಡೂ ಬದಿಗೆ ಹುಣಸೆ, ಬೇವು, ಆಲ. ನವನಗರವೆಂದರೆ ಬಯಲಿನಲ್ಲಿ ಅಲ್ಲಲ್ಲಿ ಎದ್ದ ಮನೆಗಳು. ಕಾಕು ಸೆರಗನ್ನು ಗದ್ದದ ಕೆಳಗೆ ಗಂಟು ಹಾಕಿ ಕೂತಿದ್ದರಂತೆ. ಗಾಳಿಗೂ ಧೂಳಿಗೂ ಕಣ್ಣು ಕೆಂಪಾಗಿ ನೀರಿಳಿಯುತ್ತಿತ್ತು. ಮನೆ ಬಾಗಿಲಲ್ಲಿ ಆರತಿ ಹಿಡಿದ ಅಜ್ಜಿ ಅದನ್ನು ನೋಡಿ, ಹುಡುಗಿ ತವರು ನೆನೆಸಿ ದಾರಿಯುದ್ದಕ್ಕೂ ಅತ್ತಿದ್ದಾಳೆ, ಒಳ್ಳೆಯ ಸಂಸ್ಕಾರದವಳು ಎಂದು ಕರಗಿಹೋದರು.

"ನಾ ದಾರಿತುಂಬ ನಗಕೋತ ಬಂದಿದ್ದೆ," ಎಂದು ಕಾಕು ನಮಗೆ ಹೇಳುತ್ತಿದ್ದರು. "ಅತ್ತಿಯವ್ರಿಗೆ ಹೇಳಲಿಲ್ಲ. ಯಾಕ ಹೇಳಬೇಕು, ಛಲೋನ ಆತಲ್ಲ."

ನನ್ನ ನೆನಪಿನ ಕಾರು ಅದಕ್ಕಿಂತ ಎಷ್ಟೋ ವರ್ಷ ಈಚಿನದು. ಕಾಕುವಿನ ತೊಡೆಯ ಮೇಲೆ ಕೂತು ನಾನೂ ಅದರಲ್ಲಿ ಧಾರವಾಡಕ್ಕೆ ಹೋಗಿದ್ದೇನೆ. ಹೆಚ್ಚು ನೆನಪಿರುವುದು ಶಬ್ದ. ಎಂಜಿನ್ನಿನದಲ್ಲ, ಟೈರಿನದು. ವೇಗ ಏರಿದಂತೆ ಅದು ಮೊದಲು ಗುಂಯ್ಗುಟ್ಟುತ್ತಿತ್ತು, ಆಮೇಲೆ ರಾಗ ಹಿಡಿಯುತ್ತಿತ್ತು. ರಸ್ತೆಯ ಡಾಂಬರು ಬದಲಾದಲ್ಲಿ ರಾಗವೂ ಬದಲು. ಮರದ ನೆರಳು ಬಿಸಿಲು ನೆರಳು ಬಿಸಿಲು ಎಂದು ಮುಖದ ಮೇಲೆ ಓಡುತ್ತಿತ್ತು. ಕಾಕಾ ಏನೋ ಹೇಳುತ್ತಿದ್ದರು, ಕಾಕು ತಲೆಯಾಡಿಸುತ್ತಿದ್ದರು.

ಮಕ್ಕಳಾದವು, ವ್ಯಾಪಾರ ಬೆಳೆಯಿತು, ದೊಡ್ಡ ಕಾರು ಬಂತು. ಅರ್ಧ ಮೋಟಾರು ಹತ್ತಿ ಗೋದಾಮಿನ ಮೂಲೆಗೆ ಹೋಯಿತು. ಆದರೆ ಕಾಕಾ ಅದನ್ನು ಸಾಯಲು ಬಿಡಲಿಲ್ಲ. ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಗೋದಾಮಿನ ಅಂಗಳದಲ್ಲಿ ಸುತ್ತು ಹಾಕುತ್ತಿದ್ದರು. ಅಂಗಳದ ಸುತ್ತಿಗೆ ಹಳೆಯ ಸವೆದ ಟೈರು ಸಾಕಾಗಿತ್ತು. ರಸ್ತೆಗೆ ಬೇಕೆಂದು ನಾಲ್ಕು ಹೊಸ ಟೈರುಗಳನ್ನು ಹಿಂದೆಯೇ ಮುಂಬೈಯಿಂದ ತರಿಸಿ ಗೋದಾಮಿನ ಗೋಡೆಯ ಮರದ ಗೂಟಗಳಿಗೆ ತೂಗುಹಾಕಿದ್ದರು. ಕಾರಿನೊಂದಿಗೆ ಬಂದಿದ್ದ ಟೈರಿನದೇ ಅಳತೆ, ಅದೇ ಹಲ್ಲಿನ ಅಚ್ಚು. ಇನ್ನು ಇಂಥವು ಸಿಗುವುದಿಲ್ಲ ಎಂದು ಆಗಲೇ ಅವರಿಗೆ ಗೊತ್ತಿತ್ತು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಜಿನ್ನಿಂಗ್ ಯಂತ್ರಗಳನ್ನು ತಿರುಗಿಸಲು ಆಗ ಚರ್ಮದ ಪಟ್ಟಿಗಳಿದ್ದವು. ಚರ್ಮ ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕಾಗಿ ಖಂಡೇಪೂಜೆಯ ದಿನ ಯಂತ್ರ ನಿಲ್ಲಿಸಿ, ಪಟ್ಟಿಗಳನ್ನು ಒರೆಸಿ, ಎಣ್ಣೆ ತಿಕ್ಕಿ, ಆಮೇಲೆ ಕುಂಕುಮ ಹಚ್ಚುತ್ತಿದ್ದರು. ಅಜ್ಜನ ಲೆಕ್ಕದಲ್ಲಿ ತಿರುಗುವ ವಸ್ತುವಿಗೆಲ್ಲ ವರ್ಷಕ್ಕೊಮ್ಮೆ ಎಣ್ಣೆ ಸಲ್ಲಬೇಕು. ಚಕ್ಕಡಿಯ ಅಚ್ಚಿಗೆ ಸಂದಿತು, ಬಾವಿಯ ಗಡಗಡಿಗೆ ಸಂದಿತು. ಮನೆಗೆ ಮೋಟಾರು ಬಂದಾಗ ಅದರ ಟೈರಿಗೂ ಸಂದಿತು. ಪಟ್ಟಿಗೆ ತಿಕ್ಕುವ ಔಡಲೆಣ್ಣೆ ಅಂಟಂಟಾಗಿ ಧೂಳು ಹಿಡಿಯುತ್ತದೆಂದು ಟೈರಿಗೆ ಕುಸುಬಿ ಎಣ್ಣೆ. ಮಿಂಚಲೆಂದು ಅದರಲ್ಲಿ ಚೂರು ದೀಪದ ಕಾಡಿಗೆ ಕಲಸುವುದು. ನಮ್ಮ ಮನೆಯ ಟೈರುಗಳು ಆ ದಿನ ಹುಬ್ಬಳ್ಳಿಯಲ್ಲೇ ಎಲ್ಲಕ್ಕಿಂತ ಕರಿಯವಾಗಿರುತ್ತಿದ್ದವು. ಗೂಟಕ್ಕೆ ತೂಗಿದ್ದ ನಾಲ್ಕು ಟೈರುಗಳಿಗೂ ವರ್ಷ ತಪ್ಪದೆ ಈ ಸೇವೆ ನಡೆಯಿತು. ಒಂದು ದಿನವೂ ರಸ್ತೆ ಕಾಣದೆ, ಪ್ರತಿ ವರ್ಷ ಎಣ್ಣೆ ಕುಡಿದು ಕುಂಕುಮ ಹಚ್ಚಿಕೊಂಡು ಅವು ಗೋಡೆಯ ಮೇಲೆ ಮಿರಮಿರ ಮಿಂಚುತ್ತಿದ್ದವು. ಜಿನ್ನಿಂಗ್ ನಿಂತುಹೋದ ಮೇಲೂ ಪೂಜೆ ನಿಲ್ಲಲಿಲ್ಲ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಕಣ್ಣಿನ ಡಾಕ್ಟರು ಕಾಕಾನಿಗೆ ಹೇಳಿದರು: ಕಣ್ಣಿನ ನರ ಒಣಗುತ್ತಿದೆ. ಈಗ ನಡುವಿನ ನೋಟ ಚೆನ್ನಾಗಿದೆ, ಹಗಲು ಗಾಡಿ ಓಡಿಸಲು ಅಡ್ಡಿಯಿಲ್ಲ. ಮುಂದಿನ ವರ್ಷದ ಮಾತು ಹೇಳಲಾರೆ. ಸಂಜೆ ಚಹಾ ಕುಡಿಯುತ್ತ ಕಾಕಾ ಕಾಕುವಿಗೆ ಅಂದರು: "ಕಣ್ಣು ಹೋಗೂದರಾಗ ಒಮ್ಮೆ ನಿನ್ನ ಅದರಾಗ ಕೂಡಿಸ್ಕೊಂಡು ಧಾರವಾಡದಿಂದ ಹುಬ್ಬಳ್ಳಿಗೆ ಬರಬೇಕು. ಆವತ್ತಿನ ಹಂಗ."

"ಆವತ್ತಿನ ಹಂಗ ಅಂದರ ಹ್ಯಾಂಗ್ರಿ? ಆ ಗಿಡಾ ಎಲ್ಲೆವ?" ಅಂದರು ಕಾಕು.

"ಗಿಡಾ ಇಲ್ಲ. ಕಾರು ಐತಲ್ಲ."

ದಸರೆಯ ಬನ್ನಿಯ ದಿನ ಎಂದು ಗೊತ್ತಾಯಿತು. ಆ ಕಾರನ್ನು ರಸ್ತೆಗೆ ತರಬೇಕೆಂದರೆ ಮೊದಲ ಪ್ರಶ್ನೆ ಟೈರಿನದು.

ಟೈರಿನ ವಿಷಯ ಬಂದರೆ ನಮ್ಮ ಮನೆಗೆ ಒಬ್ಬರೇ. ಹಳೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಅವರ ತಂದೆ ನಮ್ಮ ಅಜ್ಜನ ಹತ್ತಿ ಗಾಡಿಗಳಿಗೆ ರಬ್ಬರ್ ಟೈರು ಕೂರಿಸುತ್ತಿದ್ದರು. ಇವರು ಕಾಕಾನ ಜೊತೆ ಒಂದೇ ಸಾಲೆಯಲ್ಲಿ ಕಲಿತವರು. ಊರಿಗೆಲ್ಲ ಟೈರ್ ಸಾಹೇಬರು. ದೊಡ್ಡ ದೇಹ, ಅತ್ತರಿನ ವಾಸನೆ, ಹಣೆಯ ಮೇಲಕ್ಕೇರಿಸಿದ ಚಾಳೀಸು, ಬಂದ ಗಿರಾಕಿಯನ್ನು ಗೇಲಿ ಮಾಡದೆ ಬಿಡದ ಬಾಯಿ. ಅಂಗಡಿಯ ಹೆಸರಿನ ಬಗ್ಗೆ ಬಹಳ ಅಭಿಮಾನ. ನಾವು ಗೂಟದಿಂದ ಒಂದು ಟೈರು ಇಳಿಸಿ, ನನ್ನ ಕಾರಿನ ಹಿಂದೆ ಹಾಕಿಕೊಂಡು ಅಲ್ಲಿಗೆ ಹೋದೆವು.

ಸಾಹೇಬರು ಟೈರನ್ನು ಉರುಳಿಸಿ ನೋಡಿದರು, ಹೆಬ್ಬೆರಳಿನಿಂದ ಒತ್ತಿದರು, ಮೂಸಿದರು.

"ಸಾವಕಾರ, ಇದು ಟೈರಲ್ಲ. ನಿಮ್ಮ ಅಪ್ಪನ ಫೋಟೋ. ಗ್ವಾಡಿಗೆ ಹಾಕು, ಮಾಲಿ ಹಾಕು, ಕೈ ಮುಗಿ."

"ಒಂದು ಫರ್ಲಾಂಗ್ ಓಡಿಲ್ಲಪಾ ಇದು. ಹೊಸಾದೈತಿ."

"ಓಡಿಲ್ಲ, ಖರೇ. ನನ್ನ ಶಾದಿ ಶೇರವಾನಿನೂ ಒಂದ ದಿನಾ ಹಾಕ್ಕೊಂಡದ್ದು. ಈಗ ಹಾಕ್ಕೊಂಡು ಬಗ್ಗಲೇನು ನಿನ್ನ ಮುಂದ?"

ಅಂಗಡಿಯ ಕೆಲಸಗಾರರೆಲ್ಲ ನಕ್ಕರು. ಕಾಕಾ ನಗಲಿಲ್ಲ. "ನೀ ಏನ ಹಾಕಂತಿ ಹೇಳು," ಅಂದರು.

ಸಾಹೇಬರು ಒಳಗಿನಿಂದ ರೇಡಿಯಲ್ ಟೈರು ತರಿಸಿದರು. ಈಗಿನ ಯಾವುದೋ ಸಣ್ಣ ಕಾರಿನದು, ಅದೇ ಇಂಚಿನ ರಿಮ್ಮಿಗೆ ಕೂರುವಂಥದು. ಹೆಚ್ಚು ಅಗಲದ್ದು ಬೇಡ, ತಿರುಗಿಸುವಾಗ ಮಡ್‌ಗಾರ್ಡಿಗೆ ಹತ್ತುತ್ತದೆ ಎಂದು ಅವರೇ ಕಿರಿದಾದದ್ದನ್ನು ಆರಿಸಿದ್ದರು. ಕಡ್ಡಿಯ ಗಾಲಿಯಾದ್ದರಿಂದ ಒಳಗೆ ಟ್ಯೂಬು ಬೇಕೇಬೇಕು, ಕಡ್ಡಿಯ ತುದಿ ಚುಚ್ಚದಂತೆ ರಿಮ್ಮಿನ ಸುತ್ತ ರಬ್ಬರ್ ಪಟ್ಟಿ ಬೇಕು. ಅದನ್ನೂ ಎತ್ತಿಟ್ಟಿದ್ದರು.

ಕಾಕಾ ಆ ಟೈರನ್ನು ನೋಡಿದ ರೀತಿ ನನಗೆ ನೆನಪಿದೆ. ಮಗಳಿಗೆ ತಂದ ವರನನ್ನು ನೋಡಿದಂತೆ, ಮುಖದಲ್ಲಿ ಮರ್ಯಾದೆ, ಒಳಗೆ ಬೇಡ ಎಂಬ ತೀರ್ಮಾನ.

"ಇದು ಛಲೋ ಟೈರು. ಇಲ್ಲ ಅನ್ನಂಗಿಲ್ಲ. ಆದರ ಈ ಕಾರು ಮಾಡಿದಾವ್ರು ರೇಡಿಯಲ್ ನೋಡಿರಲಿಲ್ಲ. ಇದನ್ನ ಹಾಕಿದರ ನಿಂತಲ್ಲಿ ಸ್ಟೇರಿಂಗ್ ಜಡ. ಹಳೇ ನೈಲಾನ್ ಟೈರು ಜಾರೂಕಿಂತ ಮೊದಲ ಕೈಗೆ ಹೇಳತೈತಿ, ಈಗ ಜಾರತೇನಿ ನೋಡು ಅಂತ. ಇದು ಹೇಳಂಗಿಲ್ಲ, ಹಿಡದಷ್ಟು ಹಿಡದು ಒಮ್ಮೆಲೆ ಬಿಡತೈತಿ. ಮತ್ತ ಆ ಸಪ್ಪಳ ಬರಂಗಿಲ್ಲ."

"ಸಪ್ಪಳ ಬೇಕಂದರ ಗ್ರಾಮೋಫೋನ್ ಇಟಗೋ ಬಗಲಾಗ."

"ಆ ಟೈರಿದ್ದರ ಆ ಕಾರು. ಇಲ್ಲಂದರ ಅದರ ಚಿತ್ರಾ."

ಸಾಹೇಬರು ಸ್ವಲ್ಪ ಇಳಿದರು. "ಹಂಗಾದರ ಮುಂದ ಎರಡು ರೇಡಿಯಲ್ ಹಾಕೂಣು, ಹಿಂದ ನಿನ್ನ ಎರಡು ಹಳೇವು. ಇಬ್ಬರ ಮಾತೂ ಉಳೀತು."

"ಮುಂದ ಎತ್ತು, ಹಿಂದ ಎಮ್ಮಿ ಕಟ್ಟತೀಯಾ? ಹಿಂದಿಂದು ಮೊದಲ ಜಾರಿ ಗಾಡಿ ತಿರಗಿ ಬಂದ ದಾರಿಗೆ ಮಾರಿ ಮಾಡಿ ನಿಲ್ಲತೈತಿ. ನಲವತ್ತು ವರ್ಷ ಟೈರು ಮಾರಿ ಇದ ಕಲತೇನು ಸಾಹೇಬ?"

ಸಾಹೇಬರು ತಲೆ ಕೆರೆದುಕೊಂಡರು. "ಆತಪಾ, ಅದು ತಪ್ಪಂದೆ. ಬಾಯಿ ಜಾರಿತು."

ಮೂರನೆಯ ದಾರಿಯೊಂದಿತ್ತು. ಹಳೆಯ ಅಚ್ಚಿನಲ್ಲೇ ಹೊಸದಾಗಿ ಮಾಡುವ ಟೈರು ಪರದೇಶದಲ್ಲಿ ಸಿಗುತ್ತದೆ. ನಾನು ವಿಚಾರಿಸಿದೆ. ಹಡಗಿನಲ್ಲಿ ಬಂದು, ಬಂದರಿನಲ್ಲಿ ಬಿಡುಗಡೆಯಾಗಿ ಕೈಸೇರುವಾಗ ದಸರೆಯೂ ದಾಟಿ ಸಂಕ್ರಾಂತಿಯೂ ದಾಟುತ್ತಿತ್ತು. ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೀತನಕ ನನ್ನ ಕಣ್ಣು ಕಾಯತಾವೇನು?"

ಮನೆಯಲ್ಲಿ ಕಾಕುವಿನ ಅಭಿಪ್ರಾಯ ಸರಳವಾಗಿತ್ತು. "ನನಗ ಟೈರಿನ ಮ್ಯಾಲೆ ಕುಂಡ್ರೂದೈತೇನು? ಸೀಟಿನ ಮ್ಯಾಲೆ ಕುಂಡ್ರೂದು. ಯಾವುದರೆ ಹಾಕ್ರಿ." ಧಾರವಾಡದಲ್ಲಿರುವ ಅವರ ಮಗಳು, ನನಗೆ ತಂಗಿಯಾಗಬೇಕು, ಇಡೀ ಯೋಜನೆಯೇ ಬೇಡವೆಂದಳು. "ಅಪ್ಪಾ, ಕಣ್ಣು ಹಿಂಗಿದ್ದಾಗ ಯಾಕ ಬೇಕು ಈ ಹುಚ್ಚು? ಏನರೆ ಆದರ ಮಂದಿ ನನಗ ಕೇಳತಾರ." ಡಾಕ್ಟರು ಬೇಡವೆಂದಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಸುಮ್ಮನಾದಳು. ಸುಮ್ಮನಾದಳು, ಒಪ್ಪಲಿಲ್ಲ.

ಕಡೆಗೆ ಹಳೆಯ ಟೈರನ್ನೇ ಹಾಕುವುದೆಂದಾಯಿತು. ಕಾಕಾ ಬೇರೆ ಅಂಗಡಿಗೆ ಹೊರಟಿದ್ದು ಗೊತ್ತಾಗಿ ಸಾಹೇಬರೇ ಗೋದಾಮಿಗೆ ಬಂದರು.

"ಬ್ಯಾರೆಯಾಂವ ಹಾಕಿದರ ಟ್ಯೂಬು ಚಿವುಟತಾನ. ನಾನ ಹಾಕತೇನಿ. ಆದರ ನಾ ಒಪ್ಪಿಲ್ಲ. ತಿಳೀತಿಲ್ಲೋ, ಒಪ್ಪಿಲ್ಲ ನಾ."

"ಒಪ್ಪಬ್ಯಾಡ. ಹಾಕು."

ತಮ್ಮ ಕೆಲಸಗಾರರನ್ನು ದೂರ ನಿಲ್ಲಿಸಿ, ನೆಲದ ಮೇಲೆ ಗೋಣಿ ಹಾಸಿಕೊಂಡು ಕೂತು, ಆ ದೊಡ್ಡ ದೇಹದ ಮನುಷ್ಯ ನಾಲ್ಕೂ ಗಾಲಿಗಳಿಗೆ ತಾವೇ ಟೈರು ಏರಿಸಿದರು. ಪ್ರತಿಯೊಂದನ್ನೂ ಗಾಳಿ ತುಂಬಿ, ಇಳಿಸಿ, ಮತ್ತೆ ತುಂಬಿದರು. ಒಳಗೆ ಟ್ಯೂಬು ಮಡಚಿದ್ದರೆ ಹೀಗೆ ಬಿಡಿಸಿಕೊಳ್ಳುತ್ತದೆ. ಕಾಕಾ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಗಾಳಿಯ ಒತ್ತಡ ಹೇಳುತ್ತಿದ್ದರು. ಆ ಮಧ್ಯಾಹ್ನ ಇಬ್ಬರೂ ಬೈದಾಡಿದ್ದು ಕಡಿಮೆ. ಟೈರು ಕೂತ ಕಾರು ಅಂಗಳಕ್ಕೆ ಬಂದಾಗ, ನಾನೂ ಅದರ ಸುತ್ತ ಒಮ್ಮೆ ನಡೆದು ನೋಡಿದೆ. ಅದು ನಾನು ತೊಡೆಯ ಮೇಲೆ ಕೂತು ಹೋದ ಕಾರೇ ಆಗಿತ್ತು.

ಬನ್ನಿಯ ಹಿಂದಿನ ದಿನ ಖಂಡೇಪೂಜೆ. ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಮಾಲೆ, ಟೈರಿಗೆ ಕಾಡಿಗೆ ಕಲಸಿದ ಎಣ್ಣೆ, ಗಾಲಿಯ ಕೆಳಗೆ ನಿಂಬೆಹಣ್ಣು. ನಾಳೆ ಧಾರವಾಡದಿಂದ ಹೊರಡಬೇಕಾದ್ದರಿಂದ ಕಾರನ್ನು ಒಂದು ಸಣ್ಣ ಲಾರಿಯಲ್ಲಿ ಲಕಮನಹಳ್ಳಿಗೆ ಒಯ್ದೆವು. ಆ ದಿನ ಅಲ್ಲಿ ಕಾರ್ಖಾನೆಗಳೆಲ್ಲ ಪೂಜೆ ಮುಗಿಸಿ ಬಾಗಿಲು ಹಾಕಿರುತ್ತವೆ, ರಸ್ತೆ ಖಾಲಿ. ಮೊದಲು ಕಾಕಾ ಒಬ್ಬರೇ ಒಂದು ಸುತ್ತು, ಎಲ್ಲ ಸರಿ ಇದ್ದರೆ ಎರಡನೆಯ ಸುತ್ತು ಕಾಕುವಿನೊಂದಿಗೆ, ಆಮೇಲೆ ನಾಳೆಯ ದಾರಿ. ಟ್ಯಾಂಕಿನ ಪಕ್ಕದ ಕಾರ್ಖಾನೆಯ ಕಾವಲುಗಾರ ಕಾಕುವಿಗೆ ಗೇಟಿನ ನೆರಳಿನಲ್ಲಿ ಕುರ್ಚಿ ಹಾಕಿಕೊಟ್ಟು ತಾನು ಪಕ್ಕದಲ್ಲಿ ನಿಂತ. ಕಾಕು ಸೆರಗನ್ನು ಆಗಲೇ ಗದ್ದದ ಕೆಳಗೆ ಗಂಟು ಹಾಕಿಕೊಂಡಿದ್ದರು. ಸಾಹೇಬರು, ಬರುವುದಿಲ್ಲ ಎಂದಿದ್ದವರು, ಸ್ಕೂಟರಿನಲ್ಲಿ ಬಂದು ರಸ್ತೆಯ ಆಚೆ, ತಿರುವಿನಲ್ಲಿ, ಬರುವ ಗಾಡಿಗೆ ಎದುರಾಗಿ ನಿಂತರು.

ಈಗ ನಾನು ನೋಡಿದ್ದು.

ಕಾರು ದೂರದಲ್ಲಿ ಕಾಣಿಸಿತು. ಶಬ್ದ ಮೊದಲು ಬಂತು, ಅದೇ ಗುಂಯ್ ಎಂಬುದು, ನನಗೆ ನಗು ಬಂತು. ವೇಗ ಹೆಚ್ಚಿರಲಿಲ್ಲ. ಒಂದು ಸ್ಕೂಟರು ಆರಾಮಾಗಿ ಹೋಗುವಷ್ಟು. ನಾನು ಎಡಗಡೆಯ ಮುಂದಿನ ಗಾಲಿಯನ್ನು ನೋಡತೊಡಗಿದೆ. ಅದು ಕರ್ರಗೆ ಮಿಂಚುತ್ತ ತಿರುಗುತ್ತಿತ್ತು. ನನ್ನನ್ನು ಸಮೀಪಿಸಿದಾಗ ಕಾಕಾ ತಿರುವಿಗೆಂದು ಸ್ಟೇರಿಂಗನ್ನು ಬಲಕ್ಕೆ ಹೊರಳಿಸಿದರು, ಗಾಲಿಯೂ ಬಲಕ್ಕೆ ಹೊರಳಿತು, ಭಾರ ಎಡಕ್ಕೆ ಬಿತ್ತು. ಟೈರು ಮಡ್‌ಗಾರ್ಡಿಗೆ ಹತ್ತಲಿಲ್ಲ. ಆಗ ಆ ಕರಿ ಮಿಂಚಿನ ಮೇಲೆ, ರಿಮ್ಮಿಗೂ ಹಲ್ಲಿಗೂ ನಡುವಿನ ಬಗಲಿನಲ್ಲಿ, ಮಾಸಲು ಬಣ್ಣದ ಒಂದು ಗೆರೆ ಕಂಡಿತು. ನೂಲಿನ ಎಳೆಯಷ್ಟು ಸಣ್ಣದು. ಗಾಲಿ ತಿರುಗುತ್ತಿದ್ದರಿಂದ ಅದು ಮಸುಕಾದ ಉಂಗುರದಂತೆ ಕಂಡಿತು. ಆಮೇಲೆ ಗೆರೆ ಬಾಯಿ ಬಿಟ್ಟಿತು. ಆಮೇಲೆ ಶಬ್ದ. ಪಟಾಕಿಯಂತಲ್ಲ, ಒದ್ದೆ ಅರಿವೆಯನ್ನು ಬಂಡೆಗೆ ಬಡಿದಂತೆ. ಕಾರಿನ ಮೂತಿ ಎಡಕ್ಕೆ ಸೆಳೆದದ್ದು ಇಷ್ಟೂ ಆದ ಮೇಲೆ. ಆಗಲೂ ಕಾಕಾನ ಎರಡೂ ಕೈಗಳು ಸ್ಟೇರಿಂಗನ್ನು ಬಲಕ್ಕೇ ಹಿಡಿದಿದ್ದವು. ಅದನ್ನು ನಾನು ಕಂಡೆ, ಏಕೆಂದರೆ ಆ ಹೊತ್ತಿಗೆ ಅವರು ಹೇಳಿದ ಮಾತು ಮುರಿದು ಮುಖ ನೋಡಿಬಿಟ್ಟಿದ್ದೆ. ಅವರು ತಿರುವನ್ನೇ ನೋಡುತ್ತಿದ್ದರು. ಕೈ ಬಲಕ್ಕೆ, ಕಾರು ಎಡಕ್ಕೆ.

ಮೋರಿಯನ್ನು ದಾಟಿ ಕಾರು ರಸ್ತೆ ಇಳಿಯಿತು. ಅಲ್ಲಿ ಹೊಸ ಶೆಡ್ಡಿಗೆಂದು ತಂದು ಹಾಕಿದ್ದ ಉಸುಕಿನ ಗುಡ್ಡೆಯಿತ್ತು. ಮೂತಿ ಅದರೊಳಗೆ ಹೊಕ್ಕು ನಿಂತಿತು. ಧೂಳೆದ್ದಿತು. ಚೆಂಡುಹೂಗಳು ಚೆಲ್ಲಿದವು.

ಮೊದಲು ತಲುಪಿದ್ದು ಕಾಕು, ಮಂಡಿನೋವಿನಲ್ಲೂ.

"ಕಾಲು ಅಳ್ಳಾಡಸ್ರಿ ನೋಡೂಣು," ಅಂದರು.

"ಕಾಲು ಅದಾವ. ಟೈರು ನೋಡು."

"ಟೈರಿಗಿಷ್ಟು ಬೆಂಕಿ ಹಚ್ಚಲಿ. ಕುತ್ತಿಗಿ ಹೊಳ್ಳಸ್ರಿ."

ಕುತ್ತಿಗೆ ಹೊರಳಿತು. ಎಡಗೈ ಮಣಿಕಟ್ಟು ಊದಿತ್ತು, ಹಣೆ ತರಚಿತ್ತು, ಅಷ್ಟೇ. ಕಾವಲುಗಾರ ನೀರು ತಂದ. ಸಾಹೇಬರು ಬಂದು ಗಾಲಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಹರಿದ ಬಾಯಿಯೊಳಗೆ ಬೆರಳು ಹಾಕಿದರು. ಅವರ ಮುಖ ಬೂದಿಯಾಗಿತ್ತು. 'ನಾ ಹೇಳಿರಲಿಲ್ಲೇನು' ಎಂದು ಅವರು ಅನ್ನಬಹುದಿತ್ತು. ಅನ್ನಲಿಲ್ಲ.

ಕಾಕಾ ನನ್ನನ್ನು ಹತ್ತಿರ ಕರೆದರು. ದನಿ ತಗ್ಗಿಸಿ ಕೇಳಿದರು:

"ತಮ್ಮಾ, ಖರೇ ಹೇಳು. ಮೊದಲ ಟೈರು ಒಡೀತೋ, ಮೊದಲ ಗಾಡಿ ರಸ್ತಿ ಬಿಟ್ಟತೋ?"

ಅವರಿಗೇ ಗೊತ್ತಿರಲಿಲ್ಲ. ಅದು ನನಗೆ ಅಲ್ಲಿಯತನಕ ಹೊಳೆದಿರಲಿಲ್ಲ. ತಿರುವು ತನಗೆ ಕಂಡಿತ್ತೋ ಇಲ್ಲವೋ, ಕಣ್ಣು ಕೈಕೊಟ್ಟು ಕಲ್ಲಿಗೆ ಬಡಿದು ಟೈರು ಒಡೆಯಿತೋ, ಎಂದು ಅವರು ತಮ್ಮನ್ನೇ ನಂಬದಾಗಿದ್ದರು. ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಿದೆ. ಅವರು ನನ್ನ ಭುಜ ತಟ್ಟಿದರು. "ನೀ ಸಣ್ಣಾಂವ ಇದ್ದಾಗಿನಿಂದ ನನ್ನ ಕಡೇಯಾಂವ," ಅಂದರು. ನಂಬಲಿಲ್ಲ ಎಂದು ಅರ್ಥ.

ಅಷ್ಟರಲ್ಲಿ ಸುದ್ದಿ ತಿಳಿದು ಅವರ ಮಗಳು ಬಂದಳು. ಉಸುಕಿನಲ್ಲಿ ಹೂತ ಕಾರನ್ನು ನೋಡಿದಳು, ಅಪ್ಪನ ಹಣೆ ನೋಡಿದಳು. ಬೈಯಲಿಲ್ಲ, ಅಳತೊಡಗಿದಳು. ಆಮೇಲೆ ಕಾರಿನ ಕೀಲಿಯನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು. "ಕಣ್ಣು ಕಾಣಲಿಲ್ಲ ಹೌದಲ್ಲೋ ಅಪ್ಪಾ? ತಿರುವು ಕಾಣಲಿಲ್ಲ. ಮುಗೀತು ಇನ್ನ."

ಕಾಕಾ ತಲೆ ಬಗ್ಗಿಸಿ ಮಣಿಕಟ್ಟಿಗೆ ಒದ್ದೆ ವಸ್ತ್ರ ಒತ್ತಿಕೊಂಡು ಕೂತಿದ್ದರು. ತಪ್ಪನ್ನು ಕಣ್ಣಿನ ಮೇಲೆ ಹೊರಿಸಿದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಬನ್ನಿಯ ದಾರಿಯೂ, ಇನ್ನೆಂದಿನ ದಾರಿಯೂ. ನಾನು ಬಾಯಿ ತೆರೆದೆ. ತಂಗಿ ಕೈ ಅಡ್ಡ ಮಾಡಿದಳು. "ನೀ ಸುಮ್ನಿರೋ ಅಣ್ಣಾ. ನೀ ಅಪ್ಪನ ಕಡೆಯಾಂವ."

ಆಗ ಗಾಲಿಯ ಬಳಿಯಿಂದ ಸಾಹೇಬರು ಎದ್ದರು. ಮಂಡಿಗೆ ಕೈ ಊರಿ, ಸಾವಕಾಶ. ಕಾವಲುಗಾರನಿದ್ದ, ಲಾರಿಯವನು ಬಂದಿದ್ದ, ದಾರಿಹೋಕರು ಕೆಲವರು ಸೇರಿದ್ದರು. ಎಲ್ಲರ ಮುಂದೆ ಅಂದರು:

"ಬೇಟಿ, ನಿಮ್ಮಪ್ಪಂದು ಏನೂ ತಪ್ಪಿಲ್ಲ. ಟೈರು ಒಡೀತು, ಆಮ್ಯಾಲೆ ಗಾಡಿ ಹೋತು. ನಾ ಎದುರಿಗೇ ನಿಂತಿದ್ದೆ. ಈ ಟೈರು ಹಾಕಿದಾಂವ ನಾನು, ನನ್ನ ಕೈಲೆ. ಹಾಕಬಾರದಿತ್ತು, ಹಾಕಿದೆ. ಯಾರರೆ ಕೇಳಿದರ ಹಂಗ ಹೇಳು."

ಓಣಿಯಲ್ಲಿ ಅಂಗಡಿ ಇಟ್ಟವರಿಗೆ ಆ ಮಾತಿನ ಭಾರ ಗೊತ್ತು. ಮರುದಿನದಿಂದಲೇ ಎದುರಿನ ಅಂಗಡಿಯವರು ಅದನ್ನು ಗಿರಾಕಿಗಳ ಮುಂದೆ ಆಡತೊಡಗಿದರು. ಸಾಹೇಬರು ಸುಮ್ಮನಿದ್ದಿದ್ದರೆ ಎಲ್ಲರೂ ಕಣ್ಣಿನ ಮೇಲೇ ಹಾಕುತ್ತಿದ್ದರು. ಕಾಕಾ ಅವರನ್ನು ತಲೆಯೆತ್ತಿ ನೋಡಿದರು. ನನ್ನ ಮಾತನ್ನು ನಂಬದ ಮುಖ ಅವರ ಮಾತನ್ನು ನಂಬಿತು. ತಮಗೆ ನಷ್ಟವಾಗುವ ಮಾತನ್ನು ಸಮಾಧಾನಕ್ಕೆಂದು ಯಾರೂ ಹೇಳುವುದಿಲ್ಲವಲ್ಲ.

"ನೀ ಒಪ್ಪಿರಲಿಲ್ಲಲೋ ಸಾಹೇಬ," ಅಂದರು ಕಾಕಾ.

"ಒಪ್ಪಿರಲಿಲ್ಲ. ಹಾಕಿದ್ದು ಹಾಕಿದ್ದ."

ತಂಗಿ ಚೀಲದಿಂದ ಕೀಲಿ ತೆಗೆಯಲಿಲ್ಲ. ಆದರೆ ಚೀಲದ ಬಾಯಿ ಮುಚ್ಚದೆ ನಿಂತಳು.

ಕೆಲವು ದಿನಗಳ ಮೇಲೆ ಸಾಹೇಬರು ಅಂಗಡಿಯಲ್ಲಿ ಆ ಟೈರಿನ ಬಗಲನ್ನು ಚಾಕುವಿನಿಂದ ಸೀಳಿ ನನಗೆ ತೋರಿಸಿದರು. ಹೊರಗೆ ಕರಿಯ ಮಿಂಚಿನ ಒಂದು ತೆಳು ಪೊರೆ, ಗೋಡೆಗೆ ಹಚ್ಚಿದ ಬಣ್ಣದಂತೆ. ಉಗುರಿನಿಂದ ಕೆರೆದರೆ ಚೆಕ್ಕೆ ಏಳುತ್ತಿತ್ತು. ಅದರ ಕೆಳಗೆ ಬೇಸಿಗೆಯ ಎರೆಹೊಲದಂತೆ ಬಿರುಕು. ಕುಸುಬಿ ಎಣ್ಣೆ ಒಣಗಿ ಪದರವಾಗುತ್ತದೆ, ಕಾಡಿಗೆ ಬಿರುಕನ್ನು ತುಂಬುತ್ತದೆ. ಚರ್ಮವನ್ನು ಕಾಯ್ದದ್ದು ರಬ್ಬರನ್ನು ಕಾಯಲಿಲ್ಲ, ಅದರ ಮುಪ್ಪನ್ನು ನಮ್ಮಿಂದ ಮುಚ್ಚಿಟ್ಟಿತು. "ನಾ ಹಲ್ಲು ಬಿಚ್ಚತೈತಿ ಅಂತ ಅಂಜಿದ್ದೆ," ಅಂದರು ಸಾಹೇಬರು. "ಬಗಲು ಹರೀತೈತಿ ಅಂತ ನನಗೂ ಗೊತ್ತಾಗಲಿಲ್ಲ. ಮೂಸಿ ನೋಡಿದೆ, ಒತ್ತಿ ನೋಡಿದೆ. ನಿಮ್ಮ ಪೂಜಿ ನನ್ನನ್ನೂ ಮೋಸ ಮಾಡ್ತು." ಉಳಿದ ಮೂರರಲ್ಲೂ ಅದೇ ಇತ್ತು.

ರೇಡಿಯಲ್ ಹಾಕಲು ಕಾಕಾ ಎದುರಾಡಲಿಲ್ಲ. ಬಾಗಿದ ರಿಮ್ಮನ್ನು ನೇರ ಮಾಡಿಸಿ, ಮುರಿದ ಕಡ್ಡಿ ಬದಲಿಸಿ, ನಾಲ್ಕಕ್ಕೆ ನಾಲ್ಕೂ ಹೊಸವು. ಟೈರಿಗೆ ಎಣ್ಣೆ ಹಚ್ಚಲಿಲ್ಲ. ಬೂದು ಕಪ್ಪಿನ ಆ ಸಾದಾ ಟೈರುಗಳ ಮೇಲೆ ಕಾರು ಬೇರೆಯವರ ಚಪ್ಪಲಿ ಮೆಟ್ಟಿದಂತೆ ಕಾಣುತ್ತಿತ್ತು. ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಧಾರವಾಡದಲ್ಲಿ, ತಂಗಿ ತಾನೇ ಕೀಲಿ ತಂದು ಅಪ್ಪನ ಕೈಯಲ್ಲಿಟ್ಟಳು. "ಸಾವಕಾಶ ಹೋಗ್ರಿ," ಅಂದಳು.

ನಾನು ಹಿಂದೆ ನನ್ನ ಕಾರಿನಲ್ಲಿ. ಪಕ್ಕದಲ್ಲಿ ಸಾಹೇಬರು, ದಾರಿಯುದ್ದಕ್ಕೂ ಆ ಗಾಲಿಗಳ ಮೇಲಿನಿಂದ ಕಣ್ಣು ತೆಗೆಯದೆ. ನವಲೂರು ಬಂತು, ನವನಗರ ಬಂತು. ಒಂದು ಮರದ ನೆರಳಿಲ್ಲ, ಬರೀ ಬಿಸಿಲು. ಮುಂದಿನ ಕಾರಿನಲ್ಲಿ ಎರಡು ನರೆತ ತಲೆಗಳು. ಒಂದು ತಲೆ ಏನೋ ಹೇಳುತ್ತಿತ್ತು, ಇನ್ನೊಂದು ಅತ್ತ ಬಾಗಿ ಉತ್ತರ ಕೊಡುತ್ತಿತ್ತು. ಬರೀ ತಲೆಯಾಡಿಸುತ್ತಿರಲಿಲ್ಲ.

ಗೋದಾಮಿನ ಅಂಗಳದಲ್ಲಿ ಇಳಿದ ಮೇಲೆ ಕಾಕಾ ಹಣೆ ಒರೆಸಿಕೊಂಡರು. "ಜಡ ಐತಿ ಸ್ಟೇರಿಂಗ್. ಸಪ್ಪಳನ ಇಲ್ಲ. ಯಾರದೋ ಕಾರು ತಂದಂಗ ಆತು."

ಕಾಕು ಸೆರಗಿನ ಗಂಟು ಬಿಚ್ಚುತ್ತಿದ್ದರು. "ಸಪ್ಪಳ ಇಲ್ಲದ್ದ ಛಲೋ ಆತ್ರಿ. ಆವತ್ತು ನೀವು ದಾರಿತುಂಬ ಏನೇನೋ ಅಂದ್ರಿ, ಒಂದೂ ಕೇಳಿಸಿರಲಿಲ್ಲ ನನಗ. ಇವತ್ತು ಕೇಳಸ್ತು."

"ಏನಂದೆ ಈಗ ನಾ?"

"ಅದನ್ನ ಇವರ ಮುಂದ ಹೇಳಲೇನು?" ಎಂದು ಕಾಕು ನನ್ನನ್ನೂ ಸಾಹೇಬರನ್ನೂ ಕಣ್ಣಲ್ಲೇ ತೋರಿಸಿ ಒಳಗೆ ಹೋದರು. ಸಾಹೇಬರು ಗಹಗಹಿಸಿ ನಕ್ಕರು. ಕಾಕಾ ಕೂಡ. ಆಮೇಲೆ ಕಾಕಾ ಕೀಲಿಯನ್ನು ತಾವಾಗಿಯೇ ನನ್ನ ಕೈಗೆ ಕೊಟ್ಟು, ಮಗಳಿಗೆ ಮುಟ್ಟಿಸು ಎಂದರು. ಮತ್ತೆ ಕೇಳಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಅವರ ನೋಟದ ಅಂಚುಗಳು ಹೋದವು, ಈಗ ನಡುವಿನದೂ ಹೋಗುತ್ತಿದೆ.

ಸಾಹೇಬರು ಈ ಬೇಸಿಗೆಯಲ್ಲಿ ತೀರಿಕೊಂಡರು. ಎದೆನೋವು, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ. ಕಾಕಾನನ್ನು ನಾನೇ ಕೈಹಿಡಿದು ಕಬರಸ್ತಾನಕ್ಕೆ ಕರೆದೊಯ್ದೆ. ಮಣ್ಣು ಹಾಕುವಾಗ ಹಿಡಿ ಎಲ್ಲಿ ಬೀಳುತ್ತದೆ ಎಂದು ಅವರಿಗೆ ಕಾಣಲಿಲ್ಲ, ನಾನು ಅವರ ಮಣಿಕಟ್ಟು ಹಿಡಿದು ತೋರಿಸಿದೆ. ಅಂದು ಆ ತಿರುವಿನಲ್ಲಿ ಎಲ್ಲರ ಮುಂದೆ ನಿಂತು ಮಾತಾಡಿದ ಮನುಷ್ಯ ಈಗಿಲ್ಲ. ಹಾಗಾಗಿ ಮೊದಲು ಟೈರು ಒಡೆದದ್ದನ್ನು ಕಂಡವರಲ್ಲಿ ಉಳಿದವರು ಯಾರೆಂದು ಹೇಳಿ ಮುಗಿಸುತ್ತೇನೆ. ಕಾಕಾ ಇದ್ದಾರೆ, ಆದರೆ ಅವರು ಸ್ಟೇರಿಂಗಿನ ಹಿಂದೆ ಇದ್ದವರು, ಗಾಲಿಯನ್ನು ನೋಡಿದವರಲ್ಲ. ಲಾರಿಯವನೂ ನನ್ನ ತಂಗಿಯೂ ಬಂದದ್ದು ಆಮೇಲೆ. ಕಾರ್ಖಾನೆಯ ಕಾವಲುಗಾರ ಕೆಲಸ ಬಿಟ್ಟು ನವಲಗುಂದದ ಕಡೆಯ ತನ್ನ ಊರಿನಲ್ಲಿದ್ದಾನೆ. ಹೋಗಿ ಕೇಳಿದರೆ ಹೇಳುತ್ತಾನೆ, ನಾನು ಹೋಗಿ ಕೇಳಿ ಬಂದಿದ್ದೇನೆ. ಗೇಟಿನ ನೆರಳಿನಲ್ಲಿ ಕುರ್ಚಿಯ ಮೇಲೆ ರಸ್ತೆಗೆ ಮುಖ ಮಾಡಿ ಕೂತಿದ್ದ ಕಾಕು ಇದ್ದಾರೆ. ಮೋರಿಯ ಕಟ್ಟೆಯ ಹಿಂದೆ ನಿಂತಿದ್ದ ನಾನಿದ್ದೇನೆ.